ತಟ್ಟಿ ನೋಡುತ್ತಿದ್ದವಳು

ಗಂಟಲಿನ ಡಾಕ್ಟರು ನನಗೆ ವಾಯ್ಸ್ ರೆಸ್ಟ್ ಹೇಳಿದ್ದಾರೆ. ಎರಡು ವಾರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಗಂಟಲೊಳಗೆ ಅಕ್ಕಿಕಾಳಿನಷ್ಟು ಗಂಟೊಂದು ಎದ್ದಿದೆ, ಗಾಬರಿಪಡುವಂಥದ್ದಲ್ಲ, ಜೀವಮಾನವಿಡೀ ಮಾತಾಡಿದ್ದಕ್ಕೆ ಸಿಕ್ಕ ಪೆನ್ಷನ್ ಅಂದುಕೊಳ್ಳಿ ಎಂದರು. ಕಾನ್ವೆಂಟಿನಲ್ಲಿ ಮಕ್ಕಳಿಗೆ ಮಾತಾಡುವುದನ್ನು ಕಲಿಸುವ ಎಲೊಕ್ಯೂಶನ್ ಮಿಸ್ ಆಗಿದ್ದವಳಿಗೆ ಇದಕ್ಕಿಂತ ತಕ್ಕ ಕಾಯಿಲೆ ಬರಲಾರದು.

ವಿದ್ಯಾನಗರದ ಈ ಮನೆಯಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ಕೂತಿರುವಾಗ ನೆನಪಾಗುತ್ತಿರುವವಳು ನನ್ನ ಕೊನೆಯ ವಿದ್ಯಾರ್ಥಿನಿ. ಮಿಕ್ಕವರೆಲ್ಲ ನನ್ನ ಹತ್ತಿರ ಬಂದದ್ದು ಬಹುಮಾನದ ಕಪ್, ಸರ್ಟಿಫಿಕೇಟುಗಳಿಗಾಗಿ. ಧ್ವನಿಯೇ ಬೇಕೆಂದು ಬಂದವಳು ಇವಳೊಬ್ಬಳು. ಹೆಸರು ಬರೆಯುವುದಿಲ್ಲ. ಆಕೆ ತನಗಾಗಿ ಆರಿಸಿಕೊಂಡ ಹೆಸರು ನಮ್ಮ ಬೀದಿಯಲ್ಲೇ ಮೂರು ಜನಕ್ಕಿದೆ, ಸುಮ್ಮನೆ ಅವರ ಮೇಲೆ ಗುಮಾನಿ ಬೇಡ. ತಂದೆತಾಯಿ ಇಟ್ಟ ಹೆಸರನ್ನು ಬರೆಯುವ ಹಕ್ಕು ನನಗಿಲ್ಲ.

ಕಳಿಸಿದವಳು ನನ್ನ ಹಳೆಯ ಶಿಷ್ಯೆ, ಈಗ ಊರಿನಲ್ಲಿ ವಕೀಲೆ. ತನ್ನ ಕಕ್ಷಿದಾರರೊಬ್ಬರಿಗೆ ಧ್ವನಿ ಕಲಿಸಿಕೊಡಬೇಕು, ವಯಸ್ಸು ನಲವತ್ತರ ಹತ್ತಿರ, ಗಂಡಸಾಗಿ ಬೆಳೆದು ಮದುವೆಯೂ ಆಗಿ ಈಗ ಹೆಂಗಸಾಗಿ ಬದುಕುತ್ತಿದ್ದಾರೆ, ಹೆಂಡತಿ ತನಗೂ ಮಗಳಿಗೂ ಜೀವನಾಂಶ ಬೇಕೆಂದು ಫ್ಯಾಮಿಲಿ ಕೋರ್ಟಿಗೆ ಹೋಗಿದ್ದಾರೆ ಎಂದು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಈ ವಕೀಲೆಗೆ ಸ್ಕೂಲಿನಲ್ಲೂ ಬ್ರೆತ್ ಕಂಟ್ರೋಲ್ ಇರಲಿಲ್ಲ. ನನಗೆ ಮಾತ್ರ ವಿಚಿತ್ರವಾದ ಕುತೂಹಲ ಹುಟ್ಟಿತು. ಸೀರೆ, ಕೂದಲು, ಕಿವಿಯೋಲೆ ಎಲ್ಲ ಸರಿ, ಮೀಸೆ ಬರುವ ವಯಸ್ಸಿನಲ್ಲಿ ಒಡೆದು ಇಳಿದುಹೋದ ಧ್ವನಿಯನ್ನು ಮತ್ತೆ ಮೇಲೆ ಹತ್ತಿಸುವುದುಂಟೆ? ಯಾವ ಟ್ರೇನಿಂಗಿನಲ್ಲೂ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಶನಿವಾರ ಸಂಜೆ ಬಂದಳು. ಬೆಲ್ ಒತ್ತಲಿಲ್ಲ. ಗೇಟಿನ ಸರಳೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳಿ, ಇನ್ನೊಂದನ್ನು ತಟ್ಟಿದಳು. ನಾನು ಬಾಗಿಲು ತೆಗೆದಾಗ ನಮಸ್ಕಾರಕ್ಕಿಂತ ಮೊದಲು, "ಮಿಸ್, ನಿಮ್ಮ ಗೇಟಿನ ಈ ಸರಳಿನ ಬೆಸುಗೆ ಒಳಗೆ ಬಿಟ್ಟಿದೆ" ಎಂದಳು. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು ದೊಡ್ಡ ಧ್ವನಿ. ಎತ್ತರದ ಆಳು, ಪಿನ್ನು ಹಾಕಿ ಬಿಗಿದ ಹತ್ತಿ ಸೀರೆ, ಅದರ ಕೆಳಗೆ ಕಬ್ಬಿಣದ ಮೂತಿಯ ಸೇಫ್ಟಿ ಶೂ.

ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಯಲ್ಲಿ ಆಕೆ ಸೂಪರ್‌ವೈಸರ್. ಕುಲುಮೆಯ ಗದ್ದಲದ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿ ಕೂಗಿ ಬಲಿತ ಗಂಟಲು ಅದು. ಮೊದಲ ಸಲ ಸೀರೆಯುಟ್ಟು ಕೆಲಸಕ್ಕೆ ಹೋದ ದಿನ ಮಾಲೀಕರು ಬಹಳ ಹೊತ್ತು ನೋಡಿ, ನಂಗೆ ಎರಕ ಸರಿ ಬಂದ್ರೆ ಸಾಕು, ಸೀರೆನಾದ್ರೂ ಉಡಿ ಪಂಚೆನಾದ್ರೂ ಉಡಿ, ಶೂ ಮಾತ್ರ ಬಿಡಬೇಡಿ ಎಂದರಂತೆ. ಅದನ್ನು ಆಕೆ ಮೆಡಲ್ಲಿನ ಹಾಗೆ ಹೇಳಿಕೊಳ್ಳುತ್ತಿದ್ದಳು. ತಟ್ಟುವುದು ಆ ಕೆಲಸದಿಂದ ಬಂದ ಅಭ್ಯಾಸ. ಅಚ್ಚಿನಿಂದ ತೆಗೆದು ಆರಿದ ಎರಕವನ್ನು ಸಣ್ಣ ಸುತ್ತಿಗೆಯಿಂದ ಹೊಡೆದು ಕೇಳುತ್ತಾರಂತೆ. "ಸರಿಯಿದ್ರೆ ಗಂಟೆ ಮಿಸ್, ಬಿರುಕಿದ್ರೆ ಮಡಕೆ. ಕಣ್ಣಿಗೆ ಕಾಣಲ್ಲ, ಕಿವಿಗೆ ಗೊತ್ತಾಗುತ್ತೆ." ನನ್ನ ಮನೆಯ ಸ್ಟೀಲ್ ಡಬ್ಬಿ, ಹಿತ್ತಾಳೆ ದೀಪ, ಕಾಫಿ ಲೋಟ, ಕೊನೆಗೆ ಊರಿನಿಂದ ಬಂದಿದ್ದ ಹಲಸಿನಹಣ್ಣು, ಆಕೆ ತಟ್ಟದೇ ಬಿಟ್ಟದ್ದು ನನ್ನ ಬೆನ್ನೊಂದೇ.

ಧ್ವನಿಗೂ ಆಪರೇಷನ್ ಇದೆ ಎಂದು ನನಗೆ ತಿಳಿದದ್ದು ಆಕೆಯಿಂದ. ಮಾತ್ರೆ ತೆಗೆದುಕೊಂಡರೆ ಚರ್ಮ ನುಣುಪಾಗುತ್ತದೆ, ಮೈಯ ಆಕಾರ ಸ್ವಲ್ಪ ತಿರುಗುತ್ತದೆ, ಇಳಿದ ಧ್ವನಿ ಮಾತ್ರ ಏರುವುದಿಲ್ಲ. ಧ್ವನಿಯ ಆಪರೇಷನ್ ಬೆಂಗಳೂರಿನಲ್ಲಿ ಮಾಡುತ್ತಾರೆ, ಅದಕ್ಕೂ ದೊಡ್ಡ ಮೊತ್ತವೇ ಬೇಕು. ಆಗಲೇ ಮಾಡಿಸಿಕೊಂಡಿದ್ದ ಮೊದಲ ಆಪರೇಷನ್ನಿನ ಸಾಲದ ಕಂತೇ ಸಂಬಳದ ಅರ್ಧ ನುಂಗುತ್ತಿತ್ತು. ಆ ಹೊತ್ತಿಗೆ ಹೆಂಡತಿಯ ಕೇಸು ಬಂತು. ಮಗಳ ಫೀಸಿಗೆ ತಡವರಿಸುವವರಿಗೆ ಆಪರೇಷನ್ನಿಗೆ ದುಡ್ಡು ಎಲ್ಲಿಂದ ಬಂತು ಎನ್ನುವುದು ಅವರ ಪ್ರಶ್ನೆ. ನನ್ನ ವಕೀಲೆ ಶಿಷ್ಯೆಯ ವಾದ ಬೇರೆ: ಇದು ಶೋಕಿಯಲ್ಲ, ವೈದ್ಯಕೀಯ ಖರ್ಚು, ಆಗಿರುವ ಸಾಲ, ಆಗಬೇಕಾದ ಧ್ವನಿಯ ಆಪರೇಷನ್ ಎರಡನ್ನೂ ಕೋರ್ಟಿನ ಮುಂದಿಟ್ಟರೆ ಜೀವನಾಂಶ ಕಡಿಮೆಯಾಗುತ್ತದೆ. ಆಕೆ ಒಪ್ಪಲಿಲ್ಲ. ಸಾಲ ಎಷ್ಟಿದೆ ಅಂತ ಹೇಳಿ, ಅದು ನಿಜ. ಆದರೆ ನನ್ನ ಮೈ ಖರ್ಚನ್ನ ಮಗಳ ಪಾಲಿನಿಂದ ಕಳೀಬೇಡಿ ಎಂದಳಂತೆ. ನಾನು ಇದನ್ನು ದೊಡ್ಡ ಸ್ಯಾಕ್ರಿಫೈಸ್ ಎಂದು ಹೊಗಳಲು ಹೋದೆ. ಆಕೆಗೆ ಸರಿಹೋಗಲಿಲ್ಲ.

"ತ್ಯಾಗ ಗೀಗ ಏನಿಲ್ಲ ಮಿಸ್. ನಂಗೆ ಬೇಕಾದ ಆಪರೇಷನ್ ಎಲ್ಲಾ ನಾನು ಮಾಡಿಸ್ಕೊಂಡೇ ತೀರ್ತೀನಿ, ಒಂದಾದ ಮೇಲೊಂದು. ಧ್ವನಿ ಒಂದನ್ನ ಕಲಿತು ಪಡ್ಕೊಳ್ಳೋಕಾಗುತ್ತಾ ಅಂತ ನೋಡೋಣ. ಆಗದಿದ್ರೆ ಕೊಯ್ಸೋದು ಇದ್ದೇ ಇದೆ."

ಕಲಿಸುವುದು ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ಪಾಠ. ಬೆನ್ನು ನೇರ, ಗಲ್ಲ ಸಮ, ಉಸಿರು ಹೊಟ್ಟೆಯಿಂದ, ಪ್ರತಿ ಅಕ್ಷರದ ತುದಿ ಮುರಿಯದ ಹಾಗೆ. ಓದಿಸಲು ಏನು ಕೊಡಲಿ ಎಂದು ಹುಡುಕಿದರೆ ಆಕೆಗೆ ಪದ್ಯ ಬೇಡ. ಟೀಪಾಯಿಯ ಮೇಲಿದ್ದ ಪೇಪರ್ ತೆಗೆದು ಅಡಿಕೆ ಧಾರಣೆ ಓದಲು ಶುರುಮಾಡಿದಳು. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದು ಬಗೆಯ ಅಡಿಕೆಗೂ ಒಂದೊಂದು ರೇಟು. ಹೊಳಲೂರಿನವಳು, ಮಂಡಿಗೆ ಅಡಿಕೆ ಹಾಕಿ ಬಂದ ಅಪ್ಪ ಅಂದಿನ ರೇಟನ್ನು ಜಗಲಿಯ ಮೇಲೆ ನಿಂತು ಊರಿಗೇ ಕೇಳುವಂತೆ ಓದುತ್ತಿದ್ದರಂತೆ. ಇವಳಿಗೆ ಓದೆಂದರೆ ಅದೇ. ತಾನು ಅಪ್ಪನಾದ ಮೇಲೂ ರಾತ್ರಿ ಮಲಗುವ ಮುಂಚೆ ಮಗಳಿಗೆ ಕಥೆ ಬರದೆ ಅಡಿಕೆ ಧಾರಣೆಯನ್ನೇ ಹರಾಜು ಕೂಗಿದ ಹಾಗೆ ಓದಿ ನಗಿಸುತ್ತಿದ್ದಳು. ಈಗ ನಾನು ಆ ಗೊರಬಲನ್ನು ಕಾನ್ವೆಂಟಿಗೆ ಸೇರಿಸಿದೆ.

ಹೋಮ್‌ವರ್ಕ್ ಚೆನ್ನಾಗಿ ಮಾಡುತ್ತಿದ್ದಳು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಹಮ್ ಮಾಡುತ್ತಾ, ಫೌಂಡ್ರಿಯ ಮರಳುರಾಶಿಯ ಹಿಂದೆ ನಿಂತು ಅಭ್ಯಾಸ ಮಾಡುತ್ತಾ. ಒಮ್ಮೆ ಪಾಠದ ನಡುವೆ ಜೋರಾಗಿ ಸೀನಿದಳು, ಅಪ್ಪಟ ಹಳೆಯ ಗಂಡಸಿನ ಸೀನು. "ಇದಕ್ಕೂ ಟ್ಯೂಶನ್ ಇದೆಯಾ ಮಿಸ್?" ಎಂದು ಕೇಳಿದಳು. ಇನ್ನೊಂದು ದಿನ ಆಕೆ ಮತ್ತೆ ಗಂಟಲಿನಿಂದ ತಳ್ಳಿ ಮಾತಾಡಿದಾಗ ನಾನು ಬೇಸತ್ತು, ಹೊಟ್ಟೆಯಿಂದ ಮಾರಾಯ್ತಿ, ಎಷ್ಟು ಸಲ ಹೇಳೋದು ಎಂದುಬಿಟ್ಟೆ. ಅದುವರೆಗೆ ಯಾರಿಂದಲೂ ಮಾರಾಯ್ತಿ ಎಂದು ಬೈಸಿಕೊಂಡಿರದ ಆಕೆ ಓದು ನಿಲ್ಲಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಿರುಗಿ ಓದಲು ಶುರುಮಾಡಿದಾಗ ಆ ದಿನದ ರಾಶಿ ಅಡಿಕೆಗೆ ಎಂದೂ ಇಲ್ಲದ ಮರ್ಯಾದೆ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಧ್ವನಿ ಬಂತು. ತೆಳ್ಳಗೆ, ನೇರವಾಗಿ, ಪ್ರತಿ ವ್ಯಂಜನವೂ ಇಸ್ತ್ರಿ ಹಾಕಿದ ಹಾಗೆ. ನನಗೆ ಹೆಮ್ಮೆಯೆನಿಸಿತು. ಆಗಿದ್ದ ಎಡವಟ್ಟು ಗೊತ್ತಾದದ್ದು ಕೋರ್ಟಿನ ಕಾರಿಡಾರಿನಲ್ಲಿ.

ಅಂದು ವಿಚಾರಣೆ ಇತ್ತು, ಜೊತೆಗೆ ಬನ್ನಿ ಎಂದಿದ್ದಳು. ಅವಳೂ ವಕೀಲೆಯೂ ಜೆರಾಕ್ಸ್ ಮಾಡಿಸಲು ಹೋದಾಗ ನಾನು ಬೆಂಚಿನ ಮೇಲೆ ಕೂತು, ಪಕ್ಕದಲ್ಲಿದ್ದ ಹೆಂಗಸಿಗೆ ಡಬ್ಬಿ ತೆಗೆದು ಕೋಡುಬಳೆ ಕೊಟ್ಟೆ. ಭದ್ರಾವತಿ ಓಲ್ಡ್ ಟೌನಿನಿಂದ ಬಂದವಳು, ಅಕ್ಕನ ಮನೆಯ ಮಹಡಿಯಲ್ಲಿ ಮಗಳೊಂದಿಗೆ ಇರುವವಳು, ಬ್ಲೌಸ್ ಹೊಲಿಯುವವಳು ಎಂದು ಎರಡನೇ ಕೋಡುಬಳೆಯ ಹೊತ್ತಿಗೆ ತಿಳಿಯಿತು. ಯಾರ ಕಡೆಯವರು ಮೇಡಂ ಎಂದು ಕೇಳಿದಳು. ನಾನು ಧ್ವನಿ ಕಲಿಸುವವಳು ಎಂದೆ.

ಅವಳ ಕೈ ಡಬ್ಬಿಯ ಮೇಲೇ ನಿಂತಿತು. "ಓ, ಆ ಮಿಸ್ ನೀವೇನಾ."

ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕೋಡುಬಳೆಯನ್ನು ಸಣ್ಣಗೆ ಮುರಿಯುತ್ತಾ, ಎದುರಿನ ಗೋಡೆಗೆ ಹೇಳುವವಳಂತೆ ಹೇಳಿದಳು: "ಸೀರೆ ಉಟ್ರು ಅಂತ ನಾನು ಕೋರ್ಟಿಗೆ ಬಂದಿಲ್ಲ ಮೇಡಂ. ಅಳೋದೆಲ್ಲ ಮನೇಲೇ ಅತ್ತಾಯ್ತು. ಅಡುಗೆಮನೆ ಟೈಲ್ಸಿಗೆ ಯಾವ ಬಣ್ಣ ಅಂತ ನನ್ನ ಮೂರು ಸಲ ಕೇಳಿದ ಮನುಷ್ಯ, ಅಷ್ಟು ದೊಡ್ಡ ಸಾಲ ಮಾಡೋವಾಗ ಒಂದು ಮಾತು ಕೇಳ್ಲಿಲ್ಲ. ನಾಳೆ ಇನ್ನೊಂದು ಆಪರೇಷನ್, ನಾಡಿದ್ದು ಮತ್ತೊಂದು. ಮಗಳ ಪಾಲು ಅಂತ ಯಾರಾದ್ರೂ ಬರ್ದು ಕೊಡ್ಬೇಕಲ್ಲ, ಅದಕ್ಕೆ ಬಂದೆ."

ಮಗಳು ಅಪ್ಪನೊಂದಿಗೆ ಮಾತಾಡುತ್ತಾಳೆಯೆ ಎಂದು ಕೇಳಿದೆ.

"ಮೊದಲು ದಿನಾ ಮಾತಾಡೋಳು. ಈಗ ಫೋನ್ ಬಂದ್ರೆ ಮಂಚದ ಕೆಳಗೆ ಹೋಗ್ತಾಳೆ. ಅಪ್ಪ ಅಲ್ಲ, ಯಾರೋ ಸ್ಕೂಲ್ ಮಿಸ್ಸು ಅಂತಾಳೆ. ಊಟ ಆಯ್ತಾ ಪುಟ್ಟಿ ಅಂತ ಕೇಳಿದ್ರೂ ಮಗ್ಗಿ ಒಪ್ಪಿಸು ಅಂದ ಹಾಗಿರುತ್ತೆ."

ಆ ಮಾತು ನನ್ನಲ್ಲಿ ಇಳಿಯುವಷ್ಟರಲ್ಲಿ ಅಟೆಂಡರು ಬಾಗಿಲಿಗೆ ಬಂದು ಕೇಸು ಕೂಗಿದರು. ಹಳೆಯ ಹೆಸರನ್ನೇ ಮೂರು ಸಲ. ಜೆರಾಕ್ಸ್ ಹಿಡಿದು ಬಂದ ನನ್ನ ವಿದ್ಯಾರ್ಥಿನಿ ಎದುರು ನಿಂತರೂ ಅವರು ಆಕೆಯ ಭುಜದಾಚೆ ಯಾರನ್ನೋ ಹುಡುಕುತ್ತಿದ್ದರು. ಅವರು ನಾನೇ ಎಂದು ಆಕೆ ಹೇಳಿದ ರೀತಿಗೆ ಅಟೆಂಡರು ಅರಿವಿಲ್ಲದೆ ಕೈಯನ್ನು ಜೇಬಿನಿಂದ ಹೊರಗೆ ತೆಗೆದರು. ಆ ಧ್ವನಿಯಿಂದ ನಾನು ನಲವತ್ತು ಮಕ್ಕಳ ಕ್ಲಾಸಿನಲ್ಲಿ ಅದೇ ಕೆಲಸ ಮಾಡಿಸಿದ್ದೇನೆ.

ಒಳಗೆ ನಡೆದದ್ದನ್ನು ವಕೀಲೆ ಆಮೇಲೆ ಹೇಳಿದಳು. ಎದುರು ಪಕ್ಷದ ವಕೀಲರು ಇನ್ನೂ ಯಾವ ಯಾವ ಆಪರೇಷನ್ ಬಾಕಿಯಿದೆ ಎಂದು ಸ್ವಲ್ಪ ವ್ಯಂಗ್ಯವಾಗಿಯೇ ಕೇಳಿದರಂತೆ. ಆಕೆ ಬೆನ್ನು ನೇರ ಮಾಡಿ, ಗಲ್ಲ ಸಮ ಮಾಡಿ ಉತ್ತರಿಸಿದಾಗ ಅವರು ಪೆನ್ನಿನ ಕ್ಯಾಪು ಹಾಕಿ "ಸರಿ ಮಿಸ್" ಎಂದುಬಿಟ್ಟರಂತೆ. ಜಡ್ಜ್ ಕೂಡ ನಕ್ಕರಂತೆ. ಮಗಳ ತಿಂಗಳ ಹಣದಲ್ಲಿ ಒಂದು ಪೈಸೆಯೂ ಕಡಿಮೆ ಮಾಡಬೇಡಿ, ಶನಿವಾರಗಳನ್ನು ಮಾತ್ರ ನನಗೆ ಕೊಡಿ ಎಂದಳಂತೆ. ಹೆಂಡತಿ, ಮಗು ಹೆದರುತ್ತದೆ ಎಂದಳು. ಕೊನೆಗೆ ಕೋರ್ಟಿನ ಕೌನ್ಸೆಲರು ಒಂದು ಏರ್ಪಾಟು ಮಾಡಿದರು: ಮೂರನೆಯವರ ಮನೆಯಲ್ಲಿ ಕೆಲವು ಶನಿವಾರ ಮಗು ಬರಲಿ, ನೋಡೋಣ, ಅದಕ್ಕೆ ಒಗ್ಗದಿದ್ದರೆ ಭೇಟಿಯ ಮಾತನ್ನು ಸದ್ಯಕ್ಕೆ ಬಿಡುವುದು. ಯಾರ ಮನೆ ಎಂದಾಗ ಹೆಂಡತಿಯೇ ಹೇಳಿದಳಂತೆ, ಆ ಕೋಡುಬಳೆ ಮಿಸ್ ಮನೆ ಆಗಬಹುದು ಎಂದು.

ಹಿಂತಿರುಗುವಾಗ ಆಟೋದಲ್ಲಿ ಮಂಚದ ಕೆಳಗಿನ ವಿಷಯ ಹೇಳಿದೆ. ಆಕೆ ಆಟೋದ ಕಂಬಿಯನ್ನು ತಟ್ಟುತ್ತಿದ್ದ ಬೆರಳು ನಿಲ್ಲಿಸಿದಳು. "ನಾನು ಕೇಳಿದ್ದು ಒಂದು ಹೆಂಗಸಿನ ಧ್ವನಿ ಮಿಸ್. ನಿಮ್ಮ ಧ್ವನಿ ಅಲ್ಲ."

ನನ್ನ ಹತ್ತಿರ ಬೇರೆ ಇರಲಿಲ್ಲ ಎಂದೆ. ನಿಜಕ್ಕೂ ಇರಲಿಲ್ಲ. ಇದ್ದದ್ದೂ ನನ್ನದಲ್ಲ. ನನಗೆ ಅದನ್ನು ಕೊಟ್ಟವರು ನಮ್ಮ ಕಾನ್ವೆಂಟಿನ ಮದರ್. ಅವರಿಗೆ ಯಾವ ಊರಿನ ಯಾವ ಸಿಸ್ಟರ್ ಕೊಟ್ಟಿದ್ದರೋ. ಹತ್ತು ವರ್ಷದವಳಾಗಿದ್ದಾಗ ನಾನು ಮನೆಗೆ ಬಂದು ಹೊಸ ಧ್ವನಿಯಲ್ಲಿ ನೀರು ಕೇಳಿದರೆ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದ ನನ್ನ ತಾಯಿ ಇದ್ಯಾವ ಪಾದ್ರಿ ಮಾತು ಎಂದು ಬೈಯುತ್ತಿದ್ದರು. ಆ ಮೊದಲಿನ ನನ್ನ ಧ್ವನಿ ಹೇಗಿತ್ತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೀದಿಯ ತಿರುವು ಬಂದಾಗ ಆಕೆ ನಗಲು ಶುರುಮಾಡಿದ್ದಳು. "ಆ ವಕೀಲ ಹೆದರಿದ್ದು ಮಾತ್ರ ಚೆನ್ನಾಗಿತ್ತು ಮಿಸ್."

ಮೊದಲ ಶನಿವಾರ ಕೆಟ್ಟದಾಗಿ ಹೋಯಿತು. ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಸೋಫಾದ ತುದಿಯಲ್ಲಿ ಕೂತು ಅಪ್ಪ ಕೇಳಿದ್ದಕ್ಕೆಲ್ಲ ಯೆಸ್ ಮಿಸ್, ನೋ ಮಿಸ್ ಎಂದಳು. ತಾಯಿ ವರಾಂಡದಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಅಪ್ಪ ಮಗಳಿಗೆಂದು ತಂದ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಾಗೇ ಉಳಿಯಿತು. ಅವರು ಹೋದ ಮೇಲೆ ಬಿಸ್ಕತ್ತಿನ ಪೊಟ್ಟಣವನ್ನೂ ಆಕೆ ತಟ್ಟಿ ನೋಡಿದಳು.

ಮುಂದಿನ ಶನಿವಾರ ನನಗೂ ಉಪಾಯ ತೋಚದೆ, ನಮ್ಮ ಪಾಠವನ್ನಾದರೂ ಮಾಡೋಣ ಎಂದು ಪೇಪರ್ ಕೊಟ್ಟೆ. ಆಕೆ ಓದಿದಳು. ಸರಕು. ಬೆಟ್ಟೆ. ರಾಶಿ. ಒಂದೊಂದು ಅಕ್ಷರವೂ ಬಿಳಿ ಕಾಲುಚೀಲ ಹಾಕಿಕೊಂಡು ನಿಂತ ಹಾಗೆ. ಸೋಫಾದ ತುದಿಯಿಂದ ಉಸಿರು ಸಿಡಿದ ಸದ್ದಾಯಿತು. ನೋಡಿದರೆ ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ, ನಗು ಬೆರಳ ಸಂದಿಯಿಂದ ಹೊರಗೆ ಬರುತ್ತಿದೆ.

"ಅಪ್ಪ, ಬೆಟ್ಟೆ ಹಾಗಲ್ಲ."

ಹೇಗೆ ಮತ್ತೆ ಎಂದು ಆಕೆ ಕೇಳಿದಳು. ಹುಡುಗಿ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಹೊಳಲೂರಿನ ಅಜ್ಜನ ಹಾಗೆ ಕೂಗಿ ತೋರಿಸಿದಳು. ಆಕೆ ಅದನ್ನೇ ಫೌಂಡ್ರಿಯ ಧ್ವನಿಯಲ್ಲಿ ಕೂಗಿದಳು. ಅಷ್ಟು ಬೇಡ, ಕಿವಿ ನೋಯುತ್ತೆ ಎಂದಿತು ಮಗು. ಆಕೆ ಸ್ವಲ್ಪ ಏರಿಸಿದಳು. ಇನ್ನೂ ಸ್ವಲ್ಪ. ಈಗ ಮಿಸ್ ಥರ ಆಯ್ತು, ಕೆಳಗೆ ಬಾ. ನಾನು ಕಲಿತ ಶಾಸ್ತ್ರವೆಲ್ಲ ಪಕ್ಕಕ್ಕೆ ಕೂತು ನೋಡುತ್ತಿತ್ತು. ಆ ಮಗು ಒಲೆಯ ಉರಿ ಹೊಂದಿಸುವ ಹಾಗೆ ಅಪ್ಪನ ಧ್ವನಿಯನ್ನು ಏರಿಸಿ, ಇಳಿಸಿ, ಗೊರಬಲಿನ ಹೊತ್ತಿಗೆ ಒಂದು ಕಡೆ ನಿಲ್ಲಿಸಿತು. ಅಲ್ಲಿ ಕಾನ್ವೆಂಟಿರಲಿಲ್ಲ, ಕುಲುಮೆಯೂ ಇರಲಿಲ್ಲ. ಬೆಚ್ಚಗಿನ, ಒಂದಿಷ್ಟು ಒರಟಾದ, ಭದ್ರಾವತಿಯ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಕೇಳಿಬರುವಂಥ ಹೆಂಗಸಿನ ಧ್ವನಿ.

ವರಾಂಡದ ಬೆನ್ನು ತಿರುಗಿತ್ತು. ಹೆಂಡತಿ ಬಾಗಿಲಿನಲ್ಲಿ ನಿಂತಿದ್ದಳು. "ಇದು ಪರವಾಗಿಲ್ಲ" ಎಂದಳು. "ಇದಾದ್ರೆ ಫೋನ್ ಎತ್ತಬಹುದು."

ಸಂಸಾರ ಮತ್ತೆ ಒಂದಾಯಿತೆಂದು ಯಾರೂ ತಿಳಿಯಬಾರದು. ಕೌನ್ಸೆಲರ ಮುಂದೆ ಕೂತು ಇಬ್ಬರೂ ಒಪ್ಪಿ ಬರೆದುಕೊಟ್ಟು ಬೇರೆಯಾದರು. ಆಕೆ ಸಾಲದ ಕಂತನ್ನು ಇನ್ನಷ್ಟು ವರ್ಷಕ್ಕೆ ಎಳೆಸಿಕೊಂಡು, ತಿಂಗಳ ಹಣವನ್ನು ತಪ್ಪದೆ ಕೊಟ್ಟಳು. ತಿಂಗಳು ಅವರದು, ಶನಿವಾರ ನನ್ನದು ಎನ್ನುವುದು ಆಕೆಯ ಮಾತಾಯಿತು. ಆ ಶನಿವಾರಗಳು ನನ್ನ ಮನೆಯಲ್ಲೇ ಮುಂದುವರಿದವು. ಆಕೆ ಅಡುಗೆಮನೆಯಲ್ಲಿ ಕಡುಬು ಬೇಯಿಸುವಾಗ ಹುಡುಗಿ ನನ್ನ ಮುಂದೆ ಕೂತು ಓದುತ್ತಿತ್ತು. ಬೆನ್ನು ನೇರ, ಗಲ್ಲ ಸಮ. ಅಪ್ಪನಿಗೆ ಬೇಡವಾದದ್ದು ಅವಳಿಗೆ ಬೇಕಾಗಿತ್ತು. ಮನೆಯೊಳಗೆ ಅಪ್ಪ ಎನ್ನುತ್ತಿದ್ದಳು. ಬೀದಿಯಲ್ಲಿ ಏನನ್ನೂ ಎನ್ನದೆ ಸೀರೆಯ ಸೆರಗು ಎಳೆಯುತ್ತಿದ್ದಳು. ಆಮೇಲೆ ಒಂದು ದಿನ ಬೀದಿಯಲ್ಲೂ ಅಪ್ಪ ಎಂದು ಕೂಗಿದಳು. ಜನ ನೋಡುವುದಿಲ್ಲವೇ ಎಂದು ನನಗೇ ಅಳುಕು. ನೋಡ್ಲಿ ಬಿಡಿ ಮಿಸ್, ಅವಳು ಕರೆದದ್ದು ನನ್ನನ್ನಲ್ವಾ ಎಂದಳು ಆಕೆ.

ಕೆಲವು ವರ್ಷದ ಹಿಂದೆ ಕೊಯಮತ್ತೂರಿನ ದೊಡ್ಡ ಫೌಂಡ್ರಿಯೊಂದರಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋದಳು. ಹೋಗುವ ಮುಂಚೆ ನನ್ನ ಗೇಟಿನ ಸರಳಿಗೆ ಬೆಸುಗೆ ಹಾಕಿಸಿ, ತಟ್ಟಿ, ನನ್ನಿಂದಲೂ ತಟ್ಟಿಸಿದಳು. ಬೇಕೆಂದಿದ್ದ ಆಪರೇಷನ್ನುಗಳನ್ನೆಲ್ಲ ಅಲ್ಲಿ ಮಾಡಿಸಿಕೊಂಡಳಂತೆ, ಧ್ವನಿಯದೊಂದನ್ನು ಬಿಟ್ಟು. ಈಗ ದುಡ್ಡಿದೆಯಲ್ಲ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ. "ಕೂಗೋಕೆ ಒಂದು, ಬ್ಯಾಂಕಿನವರನ್ನ ಹೆದರ್ಸೋಕೆ ನಿಮ್ದೊಂದು, ಮಗಳಿಗೊಂದು. ಸೀನೋದು ಬೇರೆ. ಇದ್ರಲ್ಲಿ ಯಾವ್ದನ್ನ ಕೊಯ್ಸ್ಲಿ ಮಿಸ್?"

ನಿನ್ನೆ ಸಂಜೆ ಫೋನ್ ಬಂತು. ಅಭ್ಯಾಸಬಲದಿಂದ ಎತ್ತಿಬಿಟ್ಟೆ, ಎತ್ತಿದ ಮೇಲೆ ಮಾತಾಡುವಂತಿಲ್ಲ ಎಂದು ನೆನಪಾಯಿತು. ಆ ಕಡೆಯಿಂದ "ಗುಡ್ ಈವ್ನಿಂಗ್ ಮಿಸ್" ಎಂದು ಕೇಳಿಸಿತು. ನನ್ನದೇ ಧ್ವನಿ. ಈಗಿನ ಹರಿದದ್ದಲ್ಲ, ಮೈಕಿಲ್ಲದೆ ಅಸೆಂಬ್ಲಿಯ ಕೊನೆಯ ಸಾಲು ಮುಟ್ಟುತ್ತಿದ್ದ ಕಾಲದ್ದು. ಮೂವತ್ತು ವರ್ಷ ಹಿಂದಿನ ಬೆಳಗಿನಿಂದ ನಾನೇ ನನಗೆ ಫೋನ್ ಮಾಡಿದ ಹಾಗಿತ್ತು. ಆಕೆಯೇ ನನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡೆ.

"ಅಪ್ಪ ಅಲ್ಲ ಮಿಸ್, ನಾನು. ಪಿಯುಸಿ ಎಕ್ಸಾಮ್ ಮುಗೀತು, ರಜೆಗೆ ಇಲ್ಲಿಗೆ ಬಂದಿದೀನಿ. ನೀವು ಮಾತಾಡ್ಬೇಡಿ, ಲಾಯರ್ ಆಂಟಿ ಎಲ್ಲಾ ಹೇಳಿದ್ರು. ಹತ್ರದಲ್ಲಿ ಸ್ಟೀಲ್ ಲೋಟ ಇದ್ರೆ ಫೋನಿನ ಹತ್ರ ಹಿಡ್ದು ಒಂದ್ಸಲ ತಟ್ಬೇಕಂತೆ. ಅಪ್ಪ ಕೇಳಿಸ್ಕೋಬೇಕಂತೆ."

ನೀರಿನ ಲೋಟ ಖಾಲಿ ಮಾಡಿ, ಚಮಚದಿಂದ ತಟ್ಟಿದೆ. ಆ ಕಡೆ ಇಬ್ಬರೂ ಉಸಿರು ಹಿಡಿದದ್ದು ತಿಳಿಯಿತು. ಆಮೇಲೆ ಕೋಣೆಯ ಆಚೆ ತುದಿಯಿಂದ, ಹಳೆಯ ಫೌಂಡ್ರಿಯ ಗಂಟಲಿನಲ್ಲಿ, ಪಕ್ಕದ ಮನೆಯವರೂ ಕಿಟಕಿ ತೆಗೆಯುವಂತೆ ಆಕೆ ಹೇಳಿದಳು: "ಗಂಟೆ ಇದೆ ಮಿಸ್. ಬಿರುಕಿಲ್ಲ."

ನಾನು ಇನ್ನೊಂದು ಸಲ ತಟ್ಟಿದೆ.